ಇಂಗ್ಲಿಷಿನ ‘ಬೈ’: ಎಲ್ಲಿ ‘ಇಂದ’, ಎಲ್ಲಿ ‘ಒಳಗೆ’, ಎಲ್ಲಿ ‘ಅಷ್ಟು’?

ನೇತ್ರಾವತಿ

ಶಾಲೆಯಲ್ಲಿ ‘ಬೈ ಅಂದರೆ ಇಂದ’ ಎಂದು ಹೇಳಿಕೊಟ್ಟು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಕಚೇರಿ ಪತ್ರ, ಸೂಚನಾಫಲಕ, ಟೆಂಡರ್ ಷರತ್ತುಗಳನ್ನು ಕನ್ನಡಕ್ಕೆ ತರುವವರೂ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರೂ ಆ ಒಂದು ಸಾಲು ನಂಬಿ ಎಡವುತ್ತಾರೆ. ಈ ಐದು ವಾಕ್ಯ ನೋಡಿ:

‘ದಿ ಲೆಟರ್ ವಾಸ್ ಸೈನ್ಡ್ ಬೈ ದಿ ತಹಶೀಲ್ದಾರ್.’
‘ಸಬ್ಮಿಟ್ ಇಟ್ ಬೈ ಮಂಡೇ.’
‘ದಿ ರೆಂಟ್ ವೆಂಟ್ ಅಪ್ ಬೈ 500.’
‘ಶಿ ಸ್ಯಾಟ್ ಬೈ ದಿ ವಿಂಡೋ.’
‘ದೇ ಸೆಲ್ ರೈಸ್ ಬೈ ದಿ ಕಿಲೋ.’

ಕನ್ನಡದಲ್ಲಿ ಹೇಳಿದರೆ: ಪತ್ರಕ್ಕೆ ತಹಶೀಲ್ದಾರರು ಸಹಿ ಹಾಕಿದ್ದಾರೆ, ಸೋಮವಾರದೊಳಗೆ ಕೊಡಿ, ಬಾಡಿಗೆ 500 ರೂಪಾಯಿಯಷ್ಟು ಏರಿತು, ಕಿಟಕಿ ಪಕ್ಕ ಕೂತಳು, ಅಕ್ಕಿಯನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಐದರಲ್ಲಿ ಒಂದು ಕಡೆಯೂ ‘ಇಂದ’ ಬರಲಿಲ್ಲ. ಆದ್ದರಿಂದ ‘ಬೈ’ಗೆ ಸಮಾನಪದ ಹುಡುಕುವುದನ್ನು ಬಿಟ್ಟು, ಆ ವಾಕ್ಯದಲ್ಲಿ ಅದು ಮಾಡುತ್ತಿರುವ ಕೆಲಸ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು ಅಂತ ನನ್ನ ವಾದ. ನಿಮ್ಮ ನಿಮ್ಮ ಕೆಲಸದಲ್ಲಿ ಎದುರಾಗುವ ಬಳಕೆಗಳನ್ನು ಉದಾಹರಣೆ ಸಮೇತ ಹಾಕಿ. ಪರೀಕ್ಷಿಸಿ ನೋಡುವ ದಾರಿ ಇದ್ದರೆ ಅದನ್ನೂ ಬರೆಯಿರಿ.

ಕರಡುತಿದ್ದು

ಗಡುವಿನ ‘ಬೈ’ಯಿಂದ ಶುರು ಮಾಡೋಣ. ಅಲ್ಲಿ ತಪ್ಪಿದರೆ ಅರ್ಜಿಯೇ ತಿರಸ್ಕಾರವಾಗುತ್ತದೆ.

‘ಬೈ’, ‘ಟಿಲ್’ ಎರಡನ್ನು ಅದಲುಬದಲು ಮಾಡುವವರು ಬಹಳ. ‘ಐ ವಿಲ್ ಸ್ಟೇ ಇನ್ ಮೈಸೂರು ಬೈ ಫ್ರೈಡೇ’ ತಪ್ಪು. ‘ಸೆಂಡ್ ದಿ ರಿಪೋರ್ಟ್ ಟಿಲ್ ಫ್ರೈಡೇ’ ಕೂಡ ತಪ್ಪು. ನಿಜಕ್ಕೂ ಕನ್ನಡದವರಿಗೆ ಇದು ಕಷ್ಟವಾಗಬಾರದು, ಈ ಭೇದ ನಮ್ಮ ಮಾತಿನಲ್ಲೇ ಇದೆ. ‘ಶುಕ್ರವಾರದವರೆಗೆ ಇರ್ತೀನಿ’ ಅಂತೀವಿ, ‘ಶುಕ್ರವಾರದೊಳಗೆ ಕಳಿಸ್ತೀನಿ’ ಅಂತೀವಿ. ಇರುವುದು ಅಲ್ಲಿಯ ತನಕ ನಡೆಯುತ್ತಲೇ ಇರುವ ಕೆಲಸ. ಕಳಿಸುವುದು ಒಮ್ಮೆ ಆಗಿ ಮುಗಿಯುವ ಕೆಲಸ. ‘ವರೆಗೆ’ ಅಥವಾ ‘ತನಕ’ ಒಗ್ಗಿದರೆ ‘ಟಿಲ್’, ‘ಒಳಗೆ’ ಒಗ್ಗಿದರೆ ‘ಬೈ’.

ಇದರಲ್ಲೂ ಒಂದು ತೊಡಕಿದೆ. ‘ಸೋಮವಾರದೊಳಗೆ’ ಎಂದಾಗ ಸೋಮವಾರ ಕ್ಯಾಲೆಂಡರಿನಲ್ಲಿ ಗೊತ್ತಾದ ಒಂದು ಜಾಗ, ಆದ್ದರಿಂದ ‘ಬೈ ಮಂಡೇ’. ‘ಎರಡು ದಿನದೊಳಗೆ’ ಎಂದಾಗ ಅದು ಕಾಲದ ಅಳತೆ, ಅಲ್ಲಿ ‘ವಿದಿನ್ ಟೂ ಡೇಸ್’ ಆಗಬೇಕು. ‘ಬೈ ಟೂ ಡೇಸ್’ ಅಂದರೆ ಬೇರೆಯೇ ಅರ್ಥ: ‘ದಿ ಡೇಟ್ ವಾಸ್ ಎಕ್ಸ್‌ಟೆಂಡೆಡ್ ಬೈ ಟೂ ಡೇಸ್’, ಅಂದರೆ ಕೊನೆಯ ದಿನಾಂಕ ಎರಡು ದಿನ ಮುಂದಕ್ಕೆ ಹೋಯಿತು. ‘ಒಳಗೆ’ಯ ಹಿಂದೆ ದಿನ, ಗಂಟೆ, ತಿಂಗಳ ಎಣಿಕೆ ಇದ್ದರೆ ‘ಬೈ’ ಬರೆಯಬೇಡಿ.

ಜೊತೆಗೆ ‘ಬೈ ದಿ ಟೈಮ್’. ‘ನೀವು ಬರುವಷ್ಟರಲ್ಲಿ ಮುಗಿಸಿರ್ತೀನಿ’ ಎಂಬುದಕ್ಕೆ ‘ಬೈ ದಿ ಟೈಮ್ ಯು ವಿಲ್ ಕಮ್’ ಎಂದು ಬರೆಯುವುದು ರೂಢಿಯಾಗಿದೆ. ಆ ‘ವಿಲ್’ ಅಲ್ಲಿ ಬರಬಾರದು. ‘ಬೈ ದಿ ಟೈಮ್ ಯು ಕಮ್, ಐ ವಿಲ್ ಹ್ಯಾವ್ ಫಿನಿಶ್ಡ್.’ ಕೊನೆಯ ‘ವಿಲ್ ಹ್ಯಾವ್ ಫಿನಿಶ್ಡ್’ ನಮ್ಮ ‘ಮುಗಿಸಿರ್ತೀನಿ’ಗೆ ಸರಿಯಾಗಿ ಕೂರುತ್ತದೆ. ‘ಮುಗಿಸ್ತೀನಿ’ ಬೇರೆ, ‘ಮುಗಿಸಿರ್ತೀನಿ’ ಬೇರೆ ಎಂದು ಗೊತ್ತಿರುವವರಿಗೆ ಈ ಕಾಲರೂಪವನ್ನು ಹೊಸದಾಗಿ ಕಲಿಸಬೇಕಿಲ್ಲ.

ಹೇಮಾವತಿ

‘ಬೈ ಫ್ರೈಡೇ’ ಅಂದರೆ ಶುಕ್ರವಾರವೂ ಸೇರಿತಾ, ಇಲ್ಲ ಗುರುವಾರಕ್ಕೇ ಮುಗಿಯಿತಾ? ನಮ್ಮ ಕಚೇರಿಯಲ್ಲಿ ಎರಡು ಪಂಗಡ ಇದೆ.

ಕರಡುತಿದ್ದು

ಸೇರುತ್ತದೆ ಮೇಡಂ. ಶುಕ್ರವಾರ ಕೊಟ್ಟರೂ ಗಡುವು ತಪ್ಪಿದಂತೆ ಅಲ್ಲ. ಗುರುವಾರಕ್ಕೆ ಮುಗಿಯಬೇಕಾದರೆ ‘ಬಿಫೋರ್ ಫ್ರೈಡೇ’, ಕನ್ನಡದಲ್ಲಿ ‘ಶುಕ್ರವಾರಕ್ಕೆ ಮುಂಚೆ’. ಆದರೆ ‘ಶುಕ್ರವಾರದೊಳಗೆ’ ಎಂಬ ಕನ್ನಡವನ್ನೂ ಕೆಲವರು ‘ಶುಕ್ರವಾರ ಬರುವುದರೊಳಗೆ’ ಎಂದು ಓದಿಕೊಳ್ಳುತ್ತಾರೆ, ನಿಮ್ಮಲ್ಲಿ ಎರಡು ಪಂಗಡ ಆಗಿರುವುದು ಅದಕ್ಕೇ. ಕಾನೂನಿನ ಇಂಗ್ಲಿಷಿನಲ್ಲಿ ಬರೇ ‘ಬೈ’ ಬಿಟ್ಟು ‘ಆನ್ ಆರ್ ಬಿಫೋರ್’ ಎಂದು ಬಿಡಿಸಿ ಬರೆಯುವುದೂ ಈ ಜಗಳ ತಪ್ಪಿಸಲಿಕ್ಕೆ. ಕನ್ನಡದಲ್ಲಿ ‘31ರಂದು ಅಥವಾ ಅದಕ್ಕೆ ಮುನ್ನ’ ಎಂದು ಬರೆದು, ಗಂಟೆಯನ್ನೂ ಸೇರಿಸಿ: ‘31ರ ಸಂಜೆ 5.30ರೊಳಗೆ’. ಗಂಟೆ ಹಾಕಿದ ಮೇಲೆ ದಿನ ಸೇರಿತೋ ಇಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ.

ಲೆಕ್ಕಪತ್ರ

ದುಡ್ಡಿನ ವಿಷಯಕ್ಕೆ ಬನ್ನಿ. ಇಲ್ಲಿ ಜೋಡಿ ‘ಬೈ’ ಮತ್ತು ‘ಟು’.

ಬಾಡಿಗೆ 12,000 ಇದೆ ಅಂತ ಇಟ್ಟುಕೊಳ್ಳಿ. ‘ರೆಡ್ಯೂಸ್ಡ್ ಬೈ 2,000’ ಅಂದರೆ ಇನ್ನು ಮೇಲೆ 10,000 ಕಟ್ಟಬೇಕು. ‘ರೆಡ್ಯೂಸ್ಡ್ ಟು 2,000’ ಅಂದರೆ 2,000 ಕಟ್ಟಿದರೆ ಸಾಕು. ಕನ್ನಡದಲ್ಲಿ ಈ ವ್ಯತ್ಯಾಸ ನಿಂತಿರುವುದು ಒಂದು ‘ಗೆ’ ಮೇಲೆ: ‘2,000 ರೂಪಾಯಿ ಇಳಿಸಲಾಗಿದೆ’, ‘2,000 ರೂಪಾಯಿಗೆ ಇಳಿಸಲಾಗಿದೆ’. ಅವಸರದಲ್ಲಿ ಟೈಪ್ ಮಾಡುವಾಗ ಆ ‘ಗೆ’, ‘ಕ್ಕೆ’ ಬಿದ್ದುಹೋಗುವುದು, ಇಲ್ಲವೇ ಬೇಡದ ಕಡೆ ಸೇರಿಕೊಳ್ಳುವುದು ತುಂಬ ಸುಲಭ. ಎರಡೂ ತುದಿ ಬರೆದುಬಿಡಿ: ‘12,000ದಿಂದ 10,000ಕ್ಕೆ ಇಳಿಸಲಾಗಿದೆ.’ ಆಗ ಒಂದು ಪ್ರತ್ಯಯ ತಪ್ಪಿದರೂ ಅಂಕಿ ಕಾಪಾಡುತ್ತದೆ.

ಶೇಕಡಾ ಬಂದರೆ ಇನ್ನೂ ಎಚ್ಚರ ಬೇಕು. ಬಡ್ಡಿ ಶೇ 8 ಇರುವಾಗ ‘ಇನ್‌ಕ್ರೀಸ್ಡ್ ಬೈ 2 ಪರ್ಸೆಂಟ್’ ಎಂಬುದನ್ನು ಕಟ್ಟುನಿಟ್ಟಾಗಿ ಓದಿದರೆ 8ರ ಶೇ 2, ಅಂದರೆ 0.16; ಹೊಸ ದರ ಶೇ 8.16. ಬರೆದವರ ಮನಸ್ಸಿನಲ್ಲಿ ಶೇ 10 ಇದ್ದಿದ್ದರೆ ‘ಬೈ 2 ಪರ್ಸೆಂಟೇಜ್ ಪಾಯಿಂಟ್ಸ್’ ಎನ್ನಬೇಕಿತ್ತು. ಬ್ಯಾಂಕಿನವರು ಬೇಸಿಸ್ ಪಾಯಿಂಟ್ ಲೆಕ್ಕ ಹಿಡಿಯುವುದು ಇದೇ ಕಾರಣಕ್ಕೆ. 100 ಬೇಸಿಸ್ ಪಾಯಿಂಟ್ ಸೇರಿದರೆ ಒಂದು ಪರ್ಸೆಂಟೇಜ್ ಪಾಯಿಂಟ್, ‘ಬೈ 25 ಬೇಸಿಸ್ ಪಾಯಿಂಟ್ಸ್’ ಅಂದರೆ ದರದಲ್ಲಿ 0.25ರ ಬದಲಾವಣೆ. ಕನ್ನಡದಲ್ಲಿ ‘ಶೇ 2ರಷ್ಟು ಏರಿಕೆ’ ಎಂಬ ಸಾಲೂ ಎರಡೂ ಅರ್ಥಕ್ಕೆ ಒಡ್ಡಿಕೊಂಡಿದೆ. ‘ಶೇ 8ರಿಂದ ಶೇ 10ಕ್ಕೆ’ ಎಂದರೆ ಯಾರೂ ತಪ್ಪು ತಿಳಿಯಲಾರರು.

‘ಇನ್‌ಕ್ರೀಸ್ಡ್ ಬೈ ತ್ರೀ ಟೈಮ್ಸ್’ ಮಾತ್ರ ಬೇಡವೇ ಬೇಡ. ಮೂರು ಪಟ್ಟಾಯಿತೋ, ಇದ್ದದ್ದರ ಮೇಲೆ ಮೂರು ಪಟ್ಟು ಸೇರಿ ನಾಲ್ಕು ಪಟ್ಟಾಯಿತೋ ಹೇಳಲಾಗದು. ‘ಟ್ರಿಪಲ್ಡ್’ ಅಂದರೆ ಮುಗಿಯಿತು, ‘ಮೂರು ಪಟ್ಟಾಯಿತು’.

ಪೆವಿಲಿಯನ್

ಇದೇ ‘ಅಷ್ಟು’ ಅರ್ಥದ ‘ಬೈ’ ಕ್ರಿಕೆಟ್ಟಿನಲ್ಲಿ ಅಂತರ ಹೇಳುತ್ತದೆ, ಅಲ್ಲಿ ಮಾತ್ರ ಕನ್ನಡದ ‘ಇಂದ’ ಸಲೀಸು. 1983ರ ವಿಶ್ವಕಪ್ ಫೈನಲ್‌ನಲ್ಲಿ ಭಾರತ 183, ವೆಸ್ಟ್ ಇಂಡೀಸ್ 140: ‘ಬೈ 43 ರನ್ಸ್’, ‘43 ರನ್‌ಗಳಿಂದ ಗೆದ್ದಿತು’. 2011ರ ಫೈನಲ್‌ನಲ್ಲಿ ಶ್ರೀಲಂಕಾ ವಿರುದ್ಧ ‘ಬೈ 6 ವಿಕೆಟ್ಸ್’. ಏಕದಿನ ಪಂದ್ಯದಲ್ಲಿ ಸಾಮಾನ್ಯವಾಗಿ ರನ್ ಹೇಳಿದರೆ ಮೊದಲು ಬ್ಯಾಟ್ ಮಾಡಿದ ತಂಡ ಗೆದ್ದಿದೆ ಎಂದೂ, ವಿಕೆಟ್ ಹೇಳಿದರೆ ಬೆನ್ನಟ್ಟಿದ ತಂಡ ಅಷ್ಟು ವಿಕೆಟ್ ಉಳಿಸಿಕೊಂಡು ಗೆದ್ದಿದೆ ಎಂದೂ ಅರ್ಥ. ಆದರೆ ‘ಮಿಸ್ಡ್ ದಿ ಟ್ರೇನ್ ಬೈ ಟೂ ಮಿನಿಟ್ಸ್’ ಅಂದಾಗ ನಾವು ‘ಎರಡು ನಿಮಿಷದಲ್ಲಿ ರೈಲು ತಪ್ಪಿತು’ ಅಂತೀವಿ, ‘ಕೂದಲೆಳೆಯ ಅಂತರದಲ್ಲಿ ಪಾರಾದ’ ಅಂತೀವಿ. ಅಲ್ಲಿ ‘ಅಲ್ಲಿ’ಯೇ ಬರಬೇಕು.

ವಿಮೆಕಡತ

‘ಬೈ’ ಮತ್ತು ‘ವಿತ್’ ಬಗ್ಗೆ ಯಾರೂ ಬರೆದಿಲ್ಲ. ಕ್ಲೇಮ್ ಅರ್ಜಿಯಲ್ಲಿ ಇದು ಘಟನೆಯ ಸ್ವರೂಪವನ್ನೇ ಬದಲಿಸುತ್ತದೆ.

‘ದಿ ವಿಂಡ್‌ಸ್ಕ್ರೀನ್ ವಾಸ್ ಬ್ರೋಕನ್ ಬೈ ಎ ಸ್ಟೋನ್.’ ಮುಂದಿನ ಲಾರಿಯ ಗಾಲಿಯಿಂದ ಕಲ್ಲು ಚಿಮ್ಮಿ ಬಡಿದಿರಬಹುದು, ಗುಡ್ಡದಿಂದ ಉರುಳಿ ಬಿದ್ದಿರಬಹುದು. ‘ಬ್ರೋಕನ್ ವಿತ್ ಎ ಸ್ಟೋನ್’ ಎಂದು ಬರೆದರೆ ಯಾರೋ ಕಲ್ಲು ಕೈಗೆತ್ತಿಕೊಂಡು ಒಡೆದರು ಎಂದಾಯಿತು. ಮೊದಲನೆಯದು ಅಪಘಾತ, ಎರಡನೆಯದು ದುಷ್ಕೃತ್ಯ. ಕನ್ನಡದಲ್ಲಿ ಎರಡಕ್ಕೂ ‘ಕಲ್ಲಿನಿಂದ’ ಎಂದು ಬರೆದುಬಿಟ್ಟು ಆಮೇಲೆ ಇಂಗ್ಲಿಷಿಗೆ ತಿರುಗಿಸುವಾಗ ಗೊಂದಲ ಹುಟ್ಟುತ್ತದೆ. ‘ಕಲ್ಲು ಬಡಿದು ಗಾಜು ಒಡೆಯಿತು’, ‘ಕಲ್ಲಿನಿಂದ ಗಾಜು ಒಡೆದರು’ ಎಂದು ಕನ್ನಡದಲ್ಲೇ ಮೊದಲು ಬೇರ್ಪಡಿಸಿಕೊಳ್ಳಿ. ‘ಅದನ್ನು ಕೈಯಲ್ಲಿ ಹಿಡಿದಿದ್ದವರು ಯಾರು?’ ಎಂದು ಕೇಳಿ. ಉತ್ತರ ಇದ್ದರೆ ‘ವಿತ್’. ಎರಡೂ ಒಟ್ಟಿಗೆ ಬರುವುದೂ ಉಂಟು: ‘ದಿ ಬ್ರಾಂಚ್ ವಾಸ್ ಕಟ್ ಬೈ ದಿ ಗಾರ್ಡನರ್ ವಿತ್ ಎ ಸಾ’. ಮಾಲಿ ‘ಬೈ’, ಗರಗಸ ‘ವಿತ್’.

‘ಐ ಕಟ್ ದಿ ವೆಜಿಟೆಬಲ್ಸ್ ಬೈ ನೈಫ್’ ಎಂಬ ತಪ್ಪು ಹುಟ್ಟುವುದೂ ‘ಚಾಕುವಿನಿಂದ’ ಎಂಬ ರೂಪದಿಂದ. ನಮ್ಮ ‘ಇಂದ’ ಒಂದೇ, ಇಂಗ್ಲಿಷಿನಲ್ಲಿ ಅದು ಹಲವು ದಾರಿ ಹಿಡಿಯುತ್ತದೆ. ಮಲೇರಿಯಾದಿಂದ ಸತ್ತರೆ ‘ಆಫ್’, ಮರದಿಂದ ಮಾಡಿದ ಕುರ್ಚಿಗೆ ‘ಆಫ್’, ಹಾಲಿನಿಂದ ಮಾಡಿದ ಬೆಣ್ಣೆಗೆ ‘ಫ್ರಮ್’, ಎರಡು ಗಂಟೆಯಿಂದ ಕಾಯುತ್ತಿದ್ದರೆ ‘ಫಾರ್’, ಸೋಮವಾರದಿಂದ ಕಾಯುತ್ತಿದ್ದರೆ ‘ಸಿನ್ಸ್’. ಇವುಗಳಲ್ಲಿ ಒಂದಕ್ಕೂ ‘ಬೈ’ ಇಲ್ಲ.

ನೇತ್ರಾವತಿ

ಹಾಗಾದರೆ ಸೀರೆಯ ಚೀಟಿ ಮೇಲೆ ‘ವಾಷ್ ಬೈ ಹ್ಯಾಂಡ್’ ಅಂತ ಇರುತ್ತಲ್ಲ? ಕೈಯೂ ಸಾಧನವೇ ತಾನೆ.

ವಿಮೆಕಡತ

ಒಳ್ಳೇ ಪ್ರಶ್ನೆ. ಅಲ್ಲಿ ‘ಬೈ ಹ್ಯಾಂಡ್’ ಅಂದರೆ ಒಗೆಯುವ ವಿಧಾನ, ಮೆಷಿನ್ನಿಗೆ ಹಾಕಬೇಡಿ ಎಂಬ ಸೂಚನೆ. ಅದಕ್ಕೇ ‘ಎ’, ‘ದಿ’, ‘ಮೈ’ ಯಾವುದೂ ಇಲ್ಲ, ಬಹುವಚನವೂ ಇಲ್ಲ. ಸ್ಪೂನ್ ಬಿಟ್ಟು ಕೈಯಲ್ಲಿ ಊಟ ಮಾಡಿದೆ ಅಂದರೆ ‘ವಿತ್ ಮೈ ಹ್ಯಾಂಡ್’.

ಘಟ್ಟದದಾರಿ

ಪ್ರಯಾಣದ ‘ಬೈ’ಗೂ ಅದೇ ನಿಯಮ. ‘ಬೈ ಬಸ್’, ‘ಬೈ ಟ್ರೇನ್’ ಸರಿ. ನಡುವೆ ಒಂದು ಪದ ನುಗ್ಗಿದ ಕೂಡಲೇ ‘ಬೈ’ ಜಾಗ ಬಿಡುತ್ತದೆ: ‘ಇನ್ ಮೈ ಕಾರ್’, ‘ಆನ್ ದಿ 8 ಓ ಕ್ಲಾಕ್ ಬಸ್’. ‘ಬೈ ವಾಕ್’ ಅನ್ನುವುದು ನಮ್ಮಲ್ಲಿ ಬೇರೂರಿದೆ, ಆದರೆ ಅದು ‘ಆನ್ ಫುಟ್’ ಆಗಬೇಕು. ದುಡ್ಡು ಕೊಡುವಾಗ ‘ಬೈ ಚೆಕ್’, ‘ಬೈ ಕಾರ್ಡ್’. ನಗದು ಮಾತ್ರ ‘ಇನ್ ಕ್ಯಾಶ್’.

‘ಬೈಹಾರ್ಟ್ ಮಾಡು’ ಕನ್ನಡದಲ್ಲಿ ಚೆನ್ನಾಗಿಯೇ ಒಗ್ಗಿದೆ. ಅದನ್ನು ಇಂಗ್ಲಿಷಿಗೆ ವಾಪಸು ಒಯ್ದು ‘ಐ ಬೈಹಾರ್ಟೆಡ್ ಇಟ್’ ಅಂದರೆ ಭಾರತದ ಹೊರಗೆ ಅರ್ಥವಾಗದು. ‘ಐ ಲರ್ನ್ಡ್ ಇಟ್ ಬೈ ಹಾರ್ಟ್’.

ಅಚ್ಚುಮೊಳೆ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ‘ಬೈ’ ಕನ್ನಡದ ವಾಕ್ಯರಚನೆಯನ್ನೇ ಕೆಡಿಸುತ್ತಿದೆ. ‘ಕುವೆಂಪು ಅವರಿಂದ ಬರೆಯಲ್ಪಟ್ಟ ಕಾದಂಬರಿ’ ಎಂಬುದು ‘ರಿಟನ್ ಬೈ’ಯ ಪಡಿಯಚ್ಚು. ‘ಕುವೆಂಪು ಬರೆದ ಕಾದಂಬರಿ’ ಅಂದರೆ ಒಂದು ಪದ ಉಳಿಯುತ್ತದೆ, ಅರ್ಥ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ‘ಬರೆದ’, ‘ಕಟ್ಟಿಸಿದ’, ‘ಕೊಟ್ಟ’ ಎಂಬ ಕೃದಂತಗಳೇ ನಮ್ಮಲ್ಲಿ ‘ಬೈ’ ಮಾಡುವ ಕೆಲಸವನ್ನು ಮಾಡಿ ಮುಗಿಸುತ್ತವೆ.

‘ಲಾಗಿದೆ’ ರೂಪದ ಕಷ್ಟ ಬೇರೆ. ‘ಆದೇಶಿಸಲಾಗಿದೆ’, ‘ನಿಷೇಧಿಸಲಾಗಿದೆ’ ಎಂಬ ರೂಪ ಇರುವುದೇ ಮಾಡಿದವರ ಹೆಸರು ಬೇಡವಾದಾಗ. ಅದಕ್ಕೆ ‘ಸರ್ಕಾರದಿಂದ’ ಎಂದು ಮತ್ತೆ ಕರ್ತೃವನ್ನು ತಂದು ಅಂಟಿಸಿದರೆ, ಬಾಗಿಲಿನಿಂದ ಕಳಿಸಿದವರನ್ನು ಕಿಟಕಿಯಿಂದ ಕರೆದಂತೆ. ಹೆಸರು ಬೇಕಾದರೆ ‘ಸರ್ಕಾರ ಆದೇಶಿಸಿದೆ’, ಬೇಡವಾದರೆ ‘ಆದೇಶಿಸಲಾಗಿದೆ’. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಹಾಗಂತ ಕರ್ತೃವಿನ ‘ಇಂದ’ ಕನ್ನಡದಲ್ಲೇ ಇಲ್ಲ ಎಂದು ಹೇಳುತ್ತಿಲ್ಲ. ಆಮಂತ್ರಣ ಪತ್ರಿಕೆ ತೆಗೆದು ನೋಡಿ: ‘ಉದ್ಘಾಟನೆ: ಮಾನ್ಯ ಸಚಿವರಿಂದ’, ‘ಸಂಜೆ 6ಕ್ಕೆ ಶಾಲಾ ಮಕ್ಕಳಿಂದ ನೃತ್ಯ’. ಕಿವಿಗೆ ಎಲ್ಲೂ ಒರಟಾಗುವುದಿಲ್ಲ. ವಿಧಾನಸೌಧಕ್ಕೆ ‘1951ರಲ್ಲಿ ನೆಹರು ಅವರಿಂದ ಶಂಕುಸ್ಥಾಪನೆ’ ಎಂದರೂ ಸರಿಯೇ. ಕೆಲಸ ಹೇಳುವ ನಾಮಪದದ ಜೊತೆ ‘ಇಂದ’ ಹೊಂದುತ್ತದೆ. ‘ನೆಹರು ಅವರಿಂದ ಶಂಕುಸ್ಥಾಪನೆ ಮಾಡಲ್ಪಟ್ಟಿತು’ ಎಂದು ಕ್ರಿಯಾಪದ ಸೇರಿಸಿದ ಕೂಡಲೇ ವಾಕ್ಯ ಬಿಗಿದುಕೊಳ್ಳುತ್ತದೆ. ‘ಆಗು’ ಜೊತೆಗಂತೂ ‘ಇಂದ’ ಮನೆಮಾತು: ‘ನನ್ನಿಂದ ತಪ್ಪಾಯಿತು’, ‘ಅವರಿಂದ ಉಪಕಾರವಾಯಿತು’. ಆದರೆ ‘ನನ್ನಿಂದ ಆಗಲ್ಲ’ ಎಂಬಲ್ಲಿ ಅದು ಶಕ್ತಿಯನ್ನು ಹೇಳುತ್ತಿದೆ, ಇಂಗ್ಲಿಷಿನಲ್ಲಿ ‘ಐ ಕಾಂಟ್’, ‘ಬೈ ಮಿ’ ಸುಳಿಯುವುದೂ ಇಲ್ಲ.

ಇನ್ನು ಆ್ಯಪ್‌ಗಳಲ್ಲಿ, ಯಂತ್ರಗಳ ಕೈಪಿಡಿಯಲ್ಲಿ ‘ಬೈ ಪ್ರೆಸ್ಸಿಂಗ್ ದಿ ಬಟನ್’ ಎಂಬುದು ‘ಗುಂಡಿಯನ್ನು ಒತ್ತುವ ಮೂಲಕ ಬಾಗಿಲನ್ನು ತೆರೆಯಿರಿ’ ಆಗಿ ಬರುತ್ತದೆ. ‘ಗುಂಡಿ ಒತ್ತಿ ಬಾಗಿಲು ತೆರೆಯಿರಿ’ ಸಾಕು. ‘ಮೂಲಕ’ ಬೇಕಾಗುವುದು ನಡುವೆ ಒಬ್ಬ ಮನುಷ್ಯನೋ ಒಂದು ವ್ಯವಸ್ಥೆಯೋ ಇದ್ದಾಗ: ಅಂಚೆ ಮೂಲಕ, ವಕೀಲರ ಮೂಲಕ, ಬ್ಯಾಂಕಿನ ಮೂಲಕ.

ತುಂಗಾತೀರ

ಅಚ್ಚುಮೊಳೆ ಅವರೇ, ಬಹುಪಾಲು ಒಪ್ಪುತ್ತೇನೆ. ಆದರೆ ಕಾನೂನಿನ ಪಠ್ಯದಲ್ಲಿ ‘ಪಡು’ ರೂಪವನ್ನು ಪೂರ್ತಿ ಬಿಡಲಾಗದು. ‘ಸರ್ಕಾರದಿಂದ ನೇಮಿಸಲ್ಪಟ್ಟ ಅಧಿಕಾರಿ’ಯನ್ನು ‘ಸರ್ಕಾರ ನೇಮಿಸಿದ ಅಧಿಕಾರಿ’ ಮಾಡಬಹುದು, ಸರಿ. ಅದೇ ‘ಸರ್ಕಾರ ಅಥವಾ ಅದು ಈ ಬಗ್ಗೆ ಅಧಿಕಾರ ಕೊಟ್ಟ ಪ್ರಾಧಿಕಾರ ನೇಮಿಸಿದ ಅಧಿಕಾರಿ’ ಎಂದು ಉದ್ದವಾದಾಗ ‘ನೇಮಿಸಿದ’ವರು ಯಾರು, ‘ಕೊಟ್ಟ’ವರು ಯಾರು ಎಂದು ಓದುಗ ತಡಕಾಡುತ್ತಾನೆ. ‘ಇಂದ’ ಅಲ್ಲಿ ಗುರುತಿನ ಗೂಟದಂತೆ ನಿಲ್ಲುತ್ತದೆ.

ಅಚ್ಚುಮೊಳೆ

ಆ ವಾಕ್ಯವನ್ನು ಎರಡು ಮಾಡಿ ಸರ್. ‘ಅಧಿಕಾರಿಯನ್ನು ಸರ್ಕಾರ ನೇಮಿಸಬೇಕು. ಸರ್ಕಾರ ಅಧಿಕಾರ ಕೊಟ್ಟಿದ್ದರೆ ಪ್ರಾಧಿಕಾರವೂ ನೇಮಿಸಬಹುದು.’ ಒಂದೇ ವಾಕ್ಯದಲ್ಲಿರಬೇಕು ಎಂಬ ಹಟ ಇಂಗ್ಲಿಷ್ ಮೂಲದ್ದು, ಕನ್ನಡದ್ದಲ್ಲ.

ಮೂವತ್ತುನಲವತ್ತು

ಅಳತೆಯ ‘ಬೈ’ ಬಗ್ಗೆ ಸ್ವಲ್ಪ. ಬೆಂಗಳೂರಿನ 30 ಬೈ 40 ಸೈಟು ಗುಣಾಕಾರ: 1,200 ಚದರ ಅಡಿ. 8 ಬೈ 4 ಪ್ಲೈವುಡ್ ಹಾಳೆ, 32 ಚದರ ಅಡಿ. ಅದೇ ನಮ್ಮಲ್ಲಿ ‘ತ್ರೀ ಬೈ ಫೋರ್’ ಅಂದರೆ ಭಾಗಾಕಾರ, ಮುಕ್ಕಾಲು. ‘ಡಿವೈಡೆಡ್ ಬೈ’ಯಲ್ಲಿ ‘ಡಿವೈಡೆಡ್’ ಬಿದ್ದುಹೋಗಿ ‘ಬೈ’ ಉಳಿದಿದೆ. ಬೈ ಟೂ ಕಾಫಿ ಹುಟ್ಟಿದ್ದೂ ಇಲ್ಲಿಯೇ: ಒಂದು ಕಾಫಿ ಭಾಗಿಸು ಎರಡು, ಅಂದರೆ ಒಂದು ಕಾಫಿ ಎರಡು ಲೋಟಕ್ಕೆ. ದರ್ಶಿನಿಯ ಕೌಂಟರಿನಲ್ಲಿ ‘ಬೈ ಟೂ’ ಎಂದರೆ ಸಾಕು, ಪಕ್ಕದಲ್ಲಿ ಎರಡನೇ ಲೋಟ ಬಂದು ಕೂರುತ್ತದೆ. ಲಂಡನ್ನಿನ ಕೆಫೆಯಲ್ಲಿ ಹೀಗೆ ಕೇಳಿದರೆ ಎರಡು ಕಾಫಿಯ ಬಿಲ್ ಬಂದೀತು, ಅಲ್ಲಿ ‘ಒನ್ ಕಾಫಿ, ಟೂ ಕಪ್ಸ್’ ಎಂದು ಬಿಡಿಸಿ ಹೇಳಬೇಕು.

ಬಸ್ಸಿನ ‘ಟೂ ಬೈ ಟೂ’ ಸೀಟು ಗುಣಾಕಾರವೂ ಅಲ್ಲ, ಭಾಗಾಕಾರವೂ ಅಲ್ಲ: ಓಡಾಡುವ ದಾರಿಯ ಆಚೆ ಎರಡು, ಈಚೆ ಎರಡು. ಸರ್ವೆ ನಂಬರ್ 45/2 ಅನ್ನು ‘ನಲವತ್ತೈದು ಬೈ ಎರಡು’ ಎಂದು ಓದಿದರೂ ಅದು 45ನೇ ನಂಬರಿನ 2ನೇ ಹಿಸ್ಸಾ. ಇಂಗ್ಲಿಷಿನಲ್ಲಿ ಆ ಗೆರೆಯನ್ನು ‘ಸ್ಲಾಶ್’ ಎಂದೇ ಓದುವುದು ಕ್ಷೇಮ.

ಒಂದು ಎಚ್ಚರಿಕೆ, ಹೊರದೇಶಕ್ಕೆ ಹೋಗುವ ನರ್ಸ್‌ಗಳಿಗೆ: ಬಿಪಿ ‘120 ಬೈ 80’ ಎಂಬುದು ಇಲ್ಲಿಯ ರೂಢಿ. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ‘120 ಓವರ್ 80’. ಫೋನಿನಲ್ಲಿ ವರದಿ ಕೊಡುವಾಗ ಈ ಒಂದು ಪದ ಬದಲಿಸಿಕೊಂಡರೆ ಆಚೆಯವರು ಮತ್ತೆ ಕೇಳಬೇಕಾಗುವುದಿಲ್ಲ.

ಹೂವಿನ ಮಾತೂ ಬಿಡಬಾರದು. ‘ಬೈ ದಿ ಕಿಲೋ’, ‘ಬೈ ದಿ ಡಜನ್’, ‘ಪೇಯ್ಡ್ ಬೈ ದಿ ಡೇ’ ಇವುಗಳಲ್ಲಿ ‘ದಿ’ ಕಡ್ಡಾಯ. ಕಟ್ಟಿದ ಮಲ್ಲಿಗೆ ಮೊಳದ ಲೆಕ್ಕ, ಬಿಡಿಹೂವು ತೂಕದ ಲೆಕ್ಕ: ಮೊದಲನೆಯದಕ್ಕೆ ‘ಬೈ ದಿ ಮೊಳ’ ಎಂದೇ ಬರೆಯಿರಿ, ಎರಡನೆಯದಕ್ಕೆ ‘ಬೈ ವೆಯ್ಟ್’, ಅಲ್ಲಿ ‘ದಿ’ ಬೇಡ. ಕಿಲೋ, ಮೊಳ, ಡಜನ್ ಎಂಬ ಮಾನ ಬಂದಾಗ ‘ದಿ’. ತೂಕ, ಉದ್ದ ಎಂಬ ಗುಣ ಬಂದಾಗ ಖಾಲಿ.

ತುಂಗಾತೀರ

ಇತಿಹಾಸದ ಒಂದು ತುಣುಕು. ‘ಬೈ’ಯ ಹಳೆಯ ಅರ್ಥ ಬರೇ ‘ಹತ್ತಿರ, ಪಕ್ಕ’. ಹಳೆಯ ಇಂಗ್ಲಿಷಿನಲ್ಲಿ ಕರ್ತೃವನ್ನು ತೋರಿಸಲು ಹೆಚ್ಚಾಗಿ ‘ಫ್ರಮ್’ ಪದದ ಪೂರ್ವರೂಪ ಬಳಕೆಯಲ್ಲಿತ್ತು, ನಮ್ಮ ‘ಇಂದ’ದ ಹಾಗೆಯೇ. ಆಮೇಲೆ ‘ಆಫ್’ ಬಂತು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ‘ಟೆಂಪ್ಟೆಡ್ ಆಫ್ ದಿ ಡೆವಿಲ್’ ಎಂದಿದೆ, ಇವತ್ತಾದರೆ ‘ಬೈ ದಿ ಡೆವಿಲ್’. ಪಕ್ಕದಲ್ಲಿದ್ದ ‘ಬೈ’ ನಿಧಾನಕ್ಕೆ ಆ ಜಾಗಕ್ಕೆ ಬಂದು ಕೂತಿದೆ.

ಸಂಘದ ‘ಬೈಲಾ’ದಲ್ಲಿರುವ ‘ಬೈ’ ಮಾತ್ರ ಇದಲ್ಲ. ಅದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ಊರು ಎಂಬರ್ಥದ ಪದದಿಂದ ಬಂದದ್ದು: ಊರ ಕಟ್ಟಳೆ. ಇಂಗ್ಲೆಂಡಿನ ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಊರುಗಳ ಕೊನೆಯಲ್ಲಿರುವುದೂ ಅದೇ ಪದ.

ಹೇಮಾವತಿ

ಎಲ್ಲರಿಗೂ ಧನ್ಯವಾದ. ಕೊನೆಗೊಂದು ಕೇಳಬೇಕಿತ್ತು. ಒಂದು ವಂಶವೃಕ್ಷದಲ್ಲಿ ‘ಹಿ ಹ್ಯಾಡ್ ಟೂ ಸನ್ಸ್ ಬೈ ಹಿಸ್ ಫಸ್ಟ್ ವೈಫ್’ ಎಂದಿದೆ. ಕರಡಿನಲ್ಲಿ ‘ಮೊದಲ ಹೆಂಡತಿಯಿಂದ ಇಬ್ಬರು ಗಂಡುಮಕ್ಕಳನ್ನು ಹೊಂದಿದ್ದನು’ ಎಂದು ಮಾಡಿದ್ದಾರೆ. ಸರಿಯೇ?

ಕರಡುತಿದ್ದು

ಅರ್ಥ ತಪ್ಪಿಲ್ಲ, ಆದರೆ ಕನ್ನಡದ ಪತ್ರಗಳ ರೂಢಿ ಅದಲ್ಲ. ‘ಅವರಿಗೆ ಮೊದಲ ಹೆಂಡತಿಯಲ್ಲಿ ಇಬ್ಬರು ಗಂಡುಮಕ್ಕಳು’ ಎಂದು ಬರೆಯಿರಿ. ಎರಡನೇ ಮದುವೆಯ ಮಕ್ಕಳಿದ್ದರೆ ಮುಂದಿನ ಸಾಲಿನಲ್ಲಿ ‘ಎರಡನೇ ಹೆಂಡತಿಯಲ್ಲಿ’ ಎಂದು ಬೇರೆಯಾಗಿ ಬರಲಿ, ಪ್ರತಿಯೊಬ್ಬರ ಹೆಸರಿನ ಮುಂದೆ ವಯಸ್ಸು ಇರಲಿ. ‘ಹೊಂದಿದ್ದನು’ ತೆಗೆದುಬಿಡಿ.